ಕಾರಿನ ಇಂಧನ ಮಿತವ್ಯಯ

ಕಾರಿನ ಇಂಧನ ಮಿತವ್ಯಯ ಎಂದರೆ ನಿಗದಿತ ದೂರದ ಪ್ರಯಾಣವನ್ನು ಆದಷ್ಟು ಕಡಿಮೆ ಪೆಟ್ರೋಲ್ ಅಥವಾ ಡೀಸೆಲ್ ಬಳಸಿ ಪೂರೈಸುವ ಕ್ರಮ. ಭಾರತದಲ್ಲಿ ಇದನ್ನು ಒಂದು ಲೀಟರ್ ಇಂಧನಕ್ಕೆ ವಾಹನವು ಎಷ್ಟು ಕಿಲೋಮೀಟರ್ ಚಲಿಸುತ್ತದೆ ಎಂಬ ಲೆಕ್ಕದಲ್ಲಿ ಅಳೆಯುತ್ತಾರೆ. ಆಡುಮಾತಿನಲ್ಲಿ ಇದಕ್ಕೆ ಮೈಲೇಜ್ ಎನ್ನುತ್ತಾರೆ. ಚಾಲನೆಯ ಅಭ್ಯಾಸ, ವಾಹನದ ನಿರ್ವಹಣೆ ಮತ್ತು ಪ್ರಯಾಣದ ಯೋಜನೆ ಇವು ಉಳಿತಾಯದ ಮೂರು ಮುಖ್ಯ ಮಾರ್ಗಗಳು. ಉಳಿತಾಯದ ಹೆಸರಿನಲ್ಲಿ ರೂಢಿಯಲ್ಲಿರುವ ಕೆಲವು ಕ್ರಮಗಳು ನಿಷ್ಪ್ರಯೋಜಕ. ಇನ್ನು ಕೆಲವು ಪ್ರಾಣಾಪಾಯವನ್ನೂ ತರಬಲ್ಲವು.

ಹಿನ್ನೆಲೆ

1973ರಲ್ಲಿ ಅರಬ್ ತೈಲೋತ್ಪಾದಕ ರಾಷ್ಟ್ರಗಳು ವಿಧಿಸಿದ ನಿರ್ಬಂಧದಿಂದ ಕಚ್ಚಾ ತೈಲದ ಬೆಲೆ ಕೆಲವೇ ತಿಂಗಳುಗಳಲ್ಲಿ ಸುಮಾರು ನಾಲ್ಕು ಪಟ್ಟು ಏರಿತು. ಇಂಧನ ಉಳಿಸುವ ಉದ್ದೇಶದಿಂದ ಅಮೆರಿಕವು 1974ರಲ್ಲಿ ಹೆದ್ದಾರಿಗಳ ಗರಿಷ್ಠ ವೇಗವನ್ನು ಗಂಟೆಗೆ 55 ಮೈಲಿಗೆ, ಅಂದರೆ ಸುಮಾರು 88 ಕಿ.ಮೀ.ಗೆ ಮಿತಗೊಳಿಸಿತು. ಭಾರತದಲ್ಲಿ ಇಂಧನ ಉಳಿತಾಯದ ಪ್ರಚಾರಕ್ಕಾಗಿ 1978ರಲ್ಲಿ ಪೆಟ್ರೋಲಿಯಂ ಕನ್ಸರ್ವೇಷನ್ ರಿಸರ್ಚ್ ಅಸೋಸಿಯೇಷನ್ ಸ್ಥಾಪನೆಯಾಯಿತು.

ಭಾರತವು ತನಗೆ ಬೇಕಾದ ಕಚ್ಚಾ ತೈಲದಲ್ಲಿ ಶೇ. 80ಕ್ಕಿಂತ ಹೆಚ್ಚಿನ ಪಾಲನ್ನು ಆಮದು ಮಾಡಿಕೊಳ್ಳುತ್ತದೆ. ಪೆಟ್ರೋಲ್ ಬೆಲೆಯ ಮೇಲಿನ ಸರ್ಕಾರದ ನಿಯಂತ್ರಣವನ್ನು 2010ರಲ್ಲಿಯೂ ಡೀಸೆಲ್ ಬೆಲೆಯ ಮೇಲಿನ ನಿಯಂತ್ರಣವನ್ನು 2014ರಲ್ಲಿಯೂ ತೆಗೆದುಹಾಕಲಾಯಿತು. ಹೀಗಾಗಿ ಇಂಧನದ ಉಳಿತಾಯವು ದೇಶದ ವಿದೇಶಿ ವಿನಿಮಯಕ್ಕೂ ಕುಟುಂಬದ ತಿಂಗಳ ಖರ್ಚಿಗೂ ಸಂಬಂಧಿಸಿದ ವಿಷಯವಾಗಿದೆ.

ಇಂಧನ ವ್ಯಯವಾಗುವ ಬಗೆ

ಪೆಟ್ರೋಲ್ ಎಂಜಿನ್‌ನಲ್ಲಿ ಉರಿದ ಇಂಧನದ ಶಕ್ತಿಯಲ್ಲಿ ಬಹುಪಾಲು ಶಾಖವಾಗಿ ನಷ್ಟವಾಗುತ್ತದೆ. ಚಕ್ರಗಳನ್ನು ತಲುಪುವ ಅಲ್ಪಭಾಗವು ಗಾಳಿಯ ಪ್ರತಿರೋಧವನ್ನು ಎದುರಿಸಲು, ಟೈರ್‌ಗಳನ್ನು ಉರುಳಿಸಲು ಮತ್ತು ವಾಹನದ ವೇಗವನ್ನು ಹೆಚ್ಚಿಸಲು ಬಳಕೆಯಾಗುತ್ತದೆ. ಗಾಳಿಯ ಪ್ರತಿರೋಧವು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗವು 60ರಿಂದ 90 ಕಿ.ಮೀ.ಗೆ ಹೆಚ್ಚಿದರೆ ಪ್ರತಿರೋಧವು ಎರಡೂಕಾಲು ಪಟ್ಟಾಗುತ್ತದೆ. ಬ್ರೇಕ್ ಒತ್ತಿದಾಗ, ಇಂಧನ ಸುಟ್ಟು ಗಳಿಸಿದ ವೇಗವು ಶಾಖವಾಗಿ ವ್ಯರ್ಥವಾಗುತ್ತದೆ.

ಚಾಲನೆಯ ಅಭ್ಯಾಸ

ಅಕ್ಸಿಲರೇಟರನ್ನು ನಯವಾಗಿ ಒತ್ತುವುದು, ಮುಂದಿನ ಸಿಗ್ನಲ್ ಅಥವಾ ಉಬ್ಬನ್ನು ದೂರದಿಂದಲೇ ಗಮನಿಸಿ ಮೊದಲೇ ಕಾಲು ತೆಗೆಯುವುದು, ವೇಗಕ್ಕೆ ತಕ್ಕ ಗೇರ್‌ನಲ್ಲಿ ಸಾಗುವುದು ಇವು ಖರ್ಚಿಲ್ಲದ ಉಪಾಯಗಳು. ಮೇಲಿನ ಸಂಸ್ಥೆಯು ಗಂಟೆಗೆ 45ರಿಂದ 55 ಕಿ.ಮೀ. ವೇಗವನ್ನು ಮಿತವ್ಯಯಕರವೆಂದು ಶಿಫಾರಸು ಮಾಡುತ್ತದೆ. ಕ್ಲಚ್ ಪೆಡಲಿನ ಮೇಲೆ ಕಾಲಿಟ್ಟೇ ಓಡಿಸಿದರೆ ಇಂಧನದ ಜೊತೆಗೆ ಕ್ಲಚ್ ಕೂಡ ಸವೆಯುತ್ತದೆ. ಸಿಗ್ನಲ್ ಅಥವಾ ರೈಲ್ವೆ ಗೇಟಿನ ಬಳಿ ಹೆಚ್ಚು ಹೊತ್ತು ನಿಲ್ಲಬೇಕಾದಾಗ ಎಂಜಿನ್ ಆರಿಸುವುದು ಲಾಭಕರ. ಹತ್ತಿರದ ಹಲವು ಕೆಲಸಗಳನ್ನು ಒಂದೇ ಸುತ್ತಿನಲ್ಲಿ ಮುಗಿಸುವುದರಿಂದಲೂ ಇಂಧನ ಉಳಿಯುತ್ತದೆ. ತಣ್ಣಗಿರುವ ಎಂಜಿನ್ ಮೊದಲ ಕೆಲವು ಕಿಲೋಮೀಟರ್‌ಗಳಲ್ಲಿ ಹೆಚ್ಚು ಇಂಧನ ಬಳಸುವುದೇ ಇದಕ್ಕೆ ಕಾರಣ.

ನಿರ್ವಹಣೆ

ಟೈರ್‌ನಲ್ಲಿ ಗಾಳಿ ಕಡಿಮೆಯಾದರೆ ಉರುಳುವಿಕೆಯ ಪ್ರತಿರೋಧ ಹೆಚ್ಚುತ್ತದೆ, ಟೈರ್ ಬೇಗ ಸವೆಯುತ್ತದೆ. ಸರಿಯಾದ ಒತ್ತಡದ ಪ್ರಮಾಣವನ್ನು ಸಾಮಾನ್ಯವಾಗಿ ಚಾಲಕನ ಬಾಗಿಲಿನ ಚೌಕಟ್ಟಿನ ಮೇಲೆ ಅಥವಾ ಕೈಪಿಡಿಯಲ್ಲಿ ಮುದ್ರಿಸಿರುತ್ತಾರೆ. ಟೈರ್ ತಣ್ಣಗಿರುವಾಗ ಒತ್ತಡವನ್ನು ಪರೀಕ್ಷಿಸಬೇಕು. ತಯಾರಕರು ಸೂಚಿಸಿದ ದರ್ಜೆಯ ಎಂಜಿನ್ ಆಯಿಲ್ ಬಳಸುವುದು, ಡಿಕ್ಕಿಯಲ್ಲಿನ ಅನಗತ್ಯ ಭಾರವನ್ನು ಇಳಿಸುವುದು, ಬಳಸದಿರುವಾಗ ಮೇಲ್ಛಾವಣಿಯ ಕ್ಯಾರಿಯರ್ ತೆಗೆದಿಡುವುದು ಸಹ ಸಹಕಾರಿ.

ತಪ್ಪು ಕಲ್ಪನೆಗಳು

ಇಳಿಜಾರಿನಲ್ಲಿ ಗೇರ್ ಬಿಡಿಸಿ ನ್ಯೂಟ್ರಲ್‌ನಲ್ಲಿ ಸಾಗಿದರೆ ಇಂಧನ ಉಳಿಯುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಕಾರ್ಬ್ಯುರೇಟರ್ ಇದ್ದ ಹಳೆಯ ವಾಹನಗಳ ಕಾಲದಿಂದ ಈ ರೂಢಿ ಉಳಿದುಬಂದಿದೆ. ಇಂದಿನ ಫ್ಯೂಯಲ್ ಇಂಜೆಕ್ಷನ್ ಕಾರುಗಳಲ್ಲಿ ಗೇರ್ ಹಾಕಿಯೇ ಅಕ್ಸಿಲರೇಟರ್‌ನಿಂದ ಕಾಲು ತೆಗೆದಾಗ ಇಂಧನದ ಪೂರೈಕೆ ಬಹುತೇಕ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿಯಾದರೋ ಎಂಜಿನ್ ಚಾಲೂ ಇರಲು ಇಂಧನ ಬೇಕೇ ಬೇಕು. ಇದಲ್ಲದೆ ನ್ಯೂಟ್ರಲ್‌ನಲ್ಲಿ ಎಂಜಿನ್ನಿನ ಹಿಡಿತ ತಪ್ಪಿ, ಪೂರ್ಣ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಆಗುಂಬೆ, ಚಾರ್ಮಾಡಿಯಂತಹ ಘಾಟಿಗಳ ದೀರ್ಘ ಇಳಿಜಾರಿನಲ್ಲಿ ಬ್ರೇಕ್ ಅತಿಯಾಗಿ ಕಾದು ನಿಷ್ಫಲವಾಗಬಹುದು. ಎಂಜಿನ್ನನ್ನೇ ಆರಿಸಿದರೆ ಪವರ್ ಸ್ಟೀರಿಂಗ್ ನಿಲ್ಲುತ್ತದೆ, ಬ್ರೇಕಿಗೆ ದೊರೆಯುವ ನೆರವೂ ಬೇಗ ಕುಂದುತ್ತದೆ.

ಇಂಧನ ಕೊಳವೆಗೆ ಕಟ್ಟುವ ಅಯಸ್ಕಾಂತ ಮೊದಲಾದ ಸಾಧನಗಳ ಜಾಹೀರಾತುಗಳೂ ಸಾಮಾನ್ಯ. ಇಂತಹ ನೂರಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿದ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಗೆ ಗಣನೀಯ ಉಳಿತಾಯ ನೀಡುವ ಒಂದೂ ದೊರೆಯಲಿಲ್ಲ. ಮುಂಜಾನೆ ಪೆಟ್ರೋಲ್ ಹಾಕಿಸಿದರೆ ಹೆಚ್ಚು ಸಿಗುತ್ತದೆ ಎಂಬುದಕ್ಕೂ ಹೆಚ್ಚಿನ ಅರ್ಥವಿಲ್ಲ. ಬಂಕ್‌ಗಳ ಟ್ಯಾಂಕ್‌ಗಳು ನೆಲದಡಿಯಲ್ಲಿರುವುದರಿಂದ ಇಂಧನದ ಉಷ್ಣತೆ ದಿನದೊಳಗೆ ಅಷ್ಟಾಗಿ ಬದಲಾಗದು.

ಉಳಿತಾಯದ ಲೆಕ್ಕ

ಮೈಲೇಜ್ ತಿಳಿಯಲು ಟ್ಯಾಂಕ್ ತುಂಬಿಸಿ ಮೀಟರಿನ ಅಂಕಿಯನ್ನು ಬರೆದಿಡಬೇಕು. ಮುಂದಿನ ಬಾರಿ ಮತ್ತೆ ತುಂಬಿಸಿದಾಗ, ನಡುವೆ ಕ್ರಮಿಸಿದ ದೂರವನ್ನು ಆಗ ಹಾಕಿಸಿದ ಲೀಟರ್‌ಗಳಿಂದ ಭಾಗಿಸಬೇಕು. ಉದಾಹರಣೆಗೆ, ವರ್ಷಕ್ಕೆ 12,000 ಕಿ.ಮೀ. ಓಡುವ ಕಾರು ಲೀಟರಿಗೆ 15 ಕಿ.ಮೀ. ನೀಡಿದರೆ 800 ಲೀಟರ್ ಬೇಕಾಗುತ್ತದೆ, 18 ಕಿ.ಮೀ. ನೀಡಿದರೆ ಸುಮಾರು 667 ಲೀಟರ್ ಸಾಕು. ಲೀಟರಿಗೆ 100 ರೂಪಾಯಿಯಂತೆ ಲೆಕ್ಕ ಹಾಕಿದರೆ ವಾರ್ಷಿಕ ಉಳಿತಾಯ ಸುಮಾರು 13,300 ರೂಪಾಯಿ. ಪ್ರತಿ ಲೀಟರ್ ಪೆಟ್ರೋಲ್ ಉರಿದಾಗ ಸುಮಾರು 2.3 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬರುವುದರಿಂದ, ಇದೇ ಉಳಿತಾಯವು ವಾಯುಮಂಡಲಕ್ಕೆ ಸೇರುವ 300 ಕಿಲೋಗ್ರಾಂಗೂ ಹೆಚ್ಚಿನ ಅನಿಲವನ್ನು ತಡೆಯುತ್ತದೆ.