ರಾಬಿನ್ ಹಕ್ಕಿಯ ದಿಕ್ಸೂಚಿ ಮತ್ತು ರೇಡಿಯೋ ಗದ್ದಲ

ಮೊಬೈಲ್ ಗೋಪುರಗಳಿಂದಾಗಿ ಗುಬ್ಬಚ್ಚಿಗಳು ಕಣ್ಮರೆಯಾಗುತ್ತಿವೆ ಎಂಬ ಮಾತನ್ನು ನೀವು ಕೇಳಿರುತ್ತೀರಿ. ತರಗತಿಯಲ್ಲಿ ವಿದ್ಯಾರ್ಥಿಯೊಬ್ಬ ಇದು ನಿಜವೇ ಎಂದು ಕೇಳಿದರೆ ಏನು ಹೇಳುವಿರಿ? ಹೌದು ಎನ್ನಲು ಪುರಾವೆ ಬೇಕು. ಅಷ್ಟು ದುರ್ಬಲವಾದ ಅಲೆಗಳಿಂದ ಏನೂ ಆಗದು ಎಂದು ತಳ್ಳಿಹಾಕಲೂ ಪುರಾವೆ ಬೇಕು. ಕೃತಕ ವಿದ್ಯುತ್ಕಾಂತೀಯ ಕ್ಷೇತ್ರಗಳು ಪ್ರಾಣಿಗಳ ಮೇಲೆ ಬೀರುವ ಪರಿಣಾಮವನ್ನು ಬಹಳ ಎಚ್ಚರಿಕೆಯಿಂದ ಪರೀಕ್ಷಿಸಿದ ಪ್ರಯೋಗವೊಂದು ಜರ್ಮನಿಯ ಓಲ್ಡನ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ನಡೆದಿದೆ. ಅದರ ಫಲಿತಾಂಶ ಈ ಎರಡು ಉತ್ತರಗಳಲ್ಲಿ ಯಾವುದನ್ನೂ ಸುಲಭವಾಗಿ ಒಪ್ಪಲು ಬಿಡುವುದಿಲ್ಲ.

ಹಕ್ಕಿಯೊಳಗಿನ ದಿಕ್ಸೂಚಿ

ಯೂರೋಪಿನ ರಾಬಿನ್ ಕಿತ್ತಳೆ ಬಣ್ಣದ ಎದೆಯುಳ್ಳ, 20 ಗ್ರಾಂ ಆಸುಪಾಸು ತೂಗುವ ಪುಟ್ಟ ಹಕ್ಕಿ. ನಮ್ಮ ಮಡಿವಾಳ ಹಕ್ಕಿಯೂ ಇದೇ ಕುಟುಂಬಕ್ಕೆ ಸೇರಿದೆ. ಉತ್ತರ ಯೂರೋಪಿನ ರಾಬಿನ್‌ಗಳು ಚಳಿಗಾಲಕ್ಕೆ ಮುನ್ನ ನೈಋತ್ಯ ದಿಕ್ಕಿಗೂ ವಸಂತದಲ್ಲಿ ಮತ್ತೆ ಉತ್ತರದ ಕಡೆಗೂ ವಲಸೆ ಹೋಗುತ್ತವೆ. ಪಯಣ ಹೆಚ್ಚಾಗಿ ರಾತ್ರಿಯಲ್ಲಿ.

ಕತ್ತಲಲ್ಲಿ ದಿಕ್ಕು ತಿಳಿಯುವುದು ಹೇಗೆ? ರಾಬಿನ್‌ಗಳು ಭೂಮಿಯ ಕಾಂತಕ್ಷೇತ್ರವನ್ನು ಗ್ರಹಿಸಬಲ್ಲವು ಎಂಬುದನ್ನು 1960ರ ದಶಕದಲ್ಲಿ ಜರ್ಮನಿಯ ವುಲ್ಫ್‌ಗಾಂಗ್ ವಿಲ್ಚ್‌ಕೊ ತೋರಿಸಿಕೊಟ್ಟರು. ಈ ದಿಕ್ಸೂಚಿ ನಮ್ಮ ಕಾಂತಸೂಜಿಯಂತೆ ಉತ್ತರ–ದಕ್ಷಿಣ ಧ್ರುವಗಳನ್ನು ಗುರುತಿಸುವುದಿಲ್ಲ, ಬದಲಿಗೆ ಕಾಂತರೇಖೆಗಳು ನೆಲದ ಕಡೆಗೆ ವಾಲಿರುವ ಕೋನವನ್ನು ಅಳೆಯುತ್ತದೆ ಎಂದು 1972ರಲ್ಲಿ ಅವರು ಮತ್ತು ರೋಸ್‌ವಿತಾ ವಿಲ್ಚ್‌ಕೊ ಪ್ರಕಟಿಸಿದರು.

ಇದನ್ನು ಪರೀಕ್ಷಿಸುವ ವಿಧಾನ ಸರಳ. ವಲಸೆಯ ಕಾಲ ಬಂದಾಗ ಪಂಜರದಲ್ಲಿರುವ ಹಕ್ಕಿಯೂ ರಾತ್ರಿ ಚಡಪಡಿಸುತ್ತದೆ. ಹೋಗಬೇಕಾದ ದಿಕ್ಕಿನತ್ತ ಮತ್ತೆ ಮತ್ತೆ ಹಾರಲು ಯತ್ನಿಸುತ್ತದೆ. ಆಲಿಕೆಯಾಕಾರದ ಪಂಜರದ ಇಳಿಜಾರು ಗೋಡೆಗೆ ಗೀರು ಮೂಡುವ ಕಾಗದ ಹೊದಿಸಿದರೆ ಹಕ್ಕಿಯ ಉಗುರಿನ ಗುರುತುಗಳು ಅದರ ಮೇಲೆ ಉಳಿಯುತ್ತವೆ. ಗುರುತುಗಳು ಎಲ್ಲಿ ದಟ್ಟವಾಗಿವೆಯೋ ಅದೇ ಹಕ್ಕಿ ಆರಿಸಿಕೊಂಡ ದಿಕ್ಕು.

ದಿಕ್ಕೆಟ್ಟ ಹಕ್ಕಿಗಳು

ಓಲ್ಡನ್‌ಬರ್ಗ್‌ನಲ್ಲಿ ಹೆನ್ರಿಕ್ ಮೌರಿಟ್ಸೆನ್ ಅವರ ತಂಡ ವಿಶ್ವವಿದ್ಯಾಲಯದ ಆವರಣದಲ್ಲಿದ್ದ ಮರದ ಗುಡಿಸಲುಗಳಲ್ಲಿ ಇಂಥ ಪರೀಕ್ಷೆ ನಡೆಸಲು ಹೊರಟಿತು. ಆದರೆ ಹಕ್ಕಿಗಳು ಒಂದು ದಿಕ್ಕನ್ನೂ ಆರಿಸಲಿಲ್ಲ. ಗೀರುಗಳು ಸುತ್ತಲೂ ಹರಡಿದ್ದವು. ಆಹಾರ, ಬೆಳಕು, ಪಂಜರ ಹೀಗೆ ಒಂದೊಂದನ್ನೇ ಬದಲಾಯಿಸಿದರೂ ಪ್ರಯೋಜನವಾಗಲಿಲ್ಲ.

ಕೊನೆಗೆ ಗುಡಿಸಲಿನ ಒಳಮೈಗೆ ಅಲ್ಯುಮಿನಿಯಂ ಹಾಳೆ ಹೊದಿಸಿ ಅದಕ್ಕೆ ಭೂಸಂಪರ್ಕ ಕೊಟ್ಟರು. ಅಲ್ಯುಮಿನಿಯಂ ಕಾಂತವಸ್ತುವಲ್ಲ, ಹಾಗಾಗಿ ಭೂಮಿಯ ಸ್ಥಿರ ಕಾಂತಕ್ಷೇತ್ರ ಒಳಗೆ ಎಂದಿನಂತೆಯೇ ಇರುತ್ತದೆ. ಆದರೆ ಅದು ವಿದ್ಯುದ್ವಾಹಕವಾದ್ದರಿಂದ ಹೊರಗಿನ ರೇಡಿಯೋ ಅಲೆಗಳನ್ನು ಬಹುಮಟ್ಟಿಗೆ ತಡೆಯುತ್ತದೆ. ಹಾಳೆ ಹೊದಿಸಿದ ಮೇಲೆ ಹಕ್ಕಿಗಳು ವಲಸೆಯ ಸರಿಯಾದ ದಿಕ್ಕನ್ನು ಹಿಡಿದವು!

ಇಷ್ಟಕ್ಕೇ ತೃಪ್ತರಾಗಿದ್ದರೆ ಅದು ಕುತೂಹಲದ ಸುದ್ದಿಯಾಗುತ್ತಿತ್ತು, ವಿಜ್ಞಾನವಾಗುತ್ತಿರಲಿಲ್ಲ. ತಂಡವು ಇನ್ನಷ್ಟು ಪ್ರಶ್ನೆಗಳನ್ನು ಹಾಕಿಕೊಂಡಿತು. ಹಾಳೆ ಹಾಗೆಯೇ ಇದ್ದು ಭೂಸಂಪರ್ಕ ಮಾತ್ರ ಕಡಿದರೆ? ಹಕ್ಕಿಗಳು ಮತ್ತೆ ದಿಕ್ಕೆಟ್ಟವು. ಹಾಳೆಯ ಒಳಗೇ ಹಲವು ಆವರ್ತನಗಳಲ್ಲಿ ಹರಡಿದ ಕೃತಕ ಗದ್ದಲವನ್ನು ಹೊಮ್ಮಿಸಿದರೆ? ಆಗಲೂ ದಿಕ್ಕೆಟ್ಟವು. ನಗರದ ಹೊರಗೆ, ಗದ್ದಲ ಕಡಿಮೆಯಿರುವ ಗ್ರಾಮೀಣ ಸ್ಥಳದಲ್ಲಿ? ಹಾಳೆಯೇ ಇಲ್ಲದೆ ಸರಿಯಾದ ದಿಕ್ಕು ಹಿಡಿದವು. ಯಾವ ಸ್ಥಿತಿಯಲ್ಲಿ ಹಕ್ಕಿಯನ್ನು ಪರೀಕ್ಷಿಸಲಾಗುತ್ತಿದೆ ಎಂಬುದು ಪ್ರಯೋಗ ನಡೆಸುವವರಿಗೆ ತಿಳಿಯದಂತೆ ಏರ್ಪಾಡು ಮಾಡಲಾಗಿತ್ತು. ಬಯಕೆಯೇ ಫಲಿತಾಂಶವಾಗದಿರಲು ಈ ಮುನ್ನೆಚ್ಚರಿಕೆ. ಹಲವು ವರ್ಷ ಪ್ರಯೋಗವನ್ನು ಪುನರಾವರ್ತಿಸಿದ ಬಳಿಕವೇ, 2014ರಲ್ಲಿ, ತಂಡ ತನ್ನ ವರದಿಯನ್ನು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿತು.

ಈ ಗದ್ದಲದ ಮೂಲ ಯಾವುದು? ಮಧ್ಯಮ ತರಂಗದ ರೇಡಿಯೋ ಪ್ರಸಾರ ಮತ್ತು ನಾವು ಬಳಸುವ ನಾನಾ ವಿದ್ಯುನ್ಮಾನ ಉಪಕರಣಗಳು. ಅದರ ಪ್ರಬಲತೆ ಮಾನವ ಸುರಕ್ಷತೆಗಾಗಿ ಗೊತ್ತುಪಡಿಸಿರುವ ಅಂತರರಾಷ್ಟ್ರೀಯ ಮಿತಿಗಿಂತ ಬಹಳ ಕಡಿಮೆಯಿತ್ತು ಎಂಬುದು ಗಮನಾರ್ಹ.

ಶಾಖವಲ್ಲ, ಗಿರಕಿ

ಭೌತವಿಜ್ಞಾನ ಓದಿದವರಿಗೆ ಇಲ್ಲೊಂದು ಅನುಮಾನ ಬರಬೇಕು. 1 ಮೆಗಾಹರ್ಟ್ಜ್ ಅಲೆಯ ಒಂದು ಫೋಟಾನಿನ ಶಕ್ತಿ, ಹಕ್ಕಿಯ ದೇಹದ ಉಷ್ಣತೆಯಲ್ಲಿ ಅಣುಗಳಿಗಿರುವ ಉಷ್ಣಶಕ್ತಿಗಿಂತ ಸುಮಾರು 65 ಲಕ್ಷ ಪಟ್ಟು ಕಡಿಮೆ. ಅದು ರಾಸಾಯನಿಕ ಬಂಧವನ್ನು ಮುರಿಯಲಾರದು. ಇಷ್ಟು ದುರ್ಬಲ ಕ್ಷೇತ್ರ ದೇಹವನ್ನು ಬಿಸಿಮಾಡಲೂ ಆರದು. ಹಾಗಾದರೆ ಪರಿಣಾಮ ಎಲ್ಲಿಂದ?

ಉತ್ತರ ಎಲೆಕ್ಟ್ರಾನಿನ ಗಿರಕಿಯಲ್ಲಿರಬಹುದು. ಈ ಸುಳಿವನ್ನು 1978ರಲ್ಲೇ ಕ್ಲಾಸ್ ಶುಲ್ಟನ್ ನೀಡಿದ್ದರು. ಹಕ್ಕಿಯ ಅಕ್ಷಿಪಟಲದಲ್ಲಿ ಕ್ರಿಪ್ಟೋಕ್ರೋಮ್ ಎಂಬ ಪ್ರೋಟೀನು ಇದೆ. ನೀಲಿ ಬೆಳಕು ಬಿದ್ದಾಗ ಅದರೊಳಗೆ ಒಂದು ಎಲೆಕ್ಟ್ರಾನು ಸ್ಥಳ ಬದಲಿಸಿ, ಎರಡು ಕಡೆ ಒಂಟಿ ಎಲೆಕ್ಟ್ರಾನುಗಳು ಉಳಿಯುತ್ತವೆ. ಇದೇ ರ‍್ಯಾಡಿಕಲ್ ಜೋಡಿ. ಮೈಕ್ರೊಸೆಕೆಂಡುಗಳಷ್ಟು ಕಾಲ ಈ ಜೋಡಿಯ ಗಿರಕಿಗಳ ಹೊಂದಾಣಿಕೆ ಬದಲಾಗುತ್ತಿರುತ್ತದೆ, ಮತ್ತು ಅದನ್ನು ಭೂಮಿಯ ಕಾಂತಕ್ಷೇತ್ರ ಪ್ರಭಾವಿಸಬಲ್ಲದು. ಅಲ್ಪ ಕಾಲದವರೆಗೆ ಈ ಗಿರಕಿಗಳು ಉಷ್ಣದ ತಳಮಳದಿಂದ ಬಹುಮಟ್ಟಿಗೆ ದೂರ ಉಳಿಯುವುದರಿಂದ ಮೇಲಿನ ಲೆಕ್ಕ ಅವುಗಳಿಗೆ ಅನ್ವಯಿಸದು.

ಇನ್ನೊಂದು ಲೆಕ್ಕ ಮಾಡಿ ನೋಡಿ. ಸುಮಾರು 50 ಮೈಕ್ರೊಟೆಸ್ಲಾದಷ್ಟಿರುವ ಭೂಕಾಂತ ಕ್ಷೇತ್ರದಲ್ಲಿ ಒಂಟಿ ಎಲೆಕ್ಟ್ರಾನಿನ ಗಿರಕಿ ಸೆಕೆಂಡಿಗೆ ಸುಮಾರು 14 ಲಕ್ಷ ಬಾರಿ ಬಳಸುತ್ತದೆ. ಅಂದರೆ 1.4 ಮೆಗಾಹರ್ಟ್ಜ್. ಇದು ಸರಿಯಾಗಿ ಮಧ್ಯಮ ತರಂಗದ ಪಟ್ಟಿಯೊಳಗೇ ಬೀಳುತ್ತದೆ! ರಾಬಿನ್‌ನ ಕ್ರಿಪ್ಟೋಕ್ರೋಮ್-4 ಕಾಂತಕ್ಷೇತ್ರಕ್ಕೆ ಸ್ಪಂದಿಸುತ್ತದೆ ಎಂಬುದು 2021ರಲ್ಲಿ ಪ್ರಯೋಗಾಲಯದಲ್ಲಿ ಕಂಡುಬಂತು, ಭೂಮಿಯದಕ್ಕಿಂತ ಪ್ರಬಲವಾದ ಕ್ಷೇತ್ರದಲ್ಲಿ. ಆದರೆ ಓಲ್ಡನ್‌ಬರ್ಗ್‌ನಲ್ಲಿದ್ದಷ್ಟು ದುರ್ಬಲ ಗದ್ದಲ ದಿಕ್ಸೂಚಿಯನ್ನು ಹೇಗೆ ಕೆಡಿಸುತ್ತದೆ ಎಂಬುದನ್ನು ಈ ಸಿದ್ಧಾಂತ ಇನ್ನೂ ಪೂರ್ತಿಯಾಗಿ ವಿವರಿಸಿಲ್ಲ.

ಎಲ್ಲಿಯವರೆಗೆ ಹೇಳಬಹುದು?

ಅದೇ ತಂಡ ಮುಂದೆ ಬ್ಲಾಕ್‌ಕ್ಯಾಪ್ ಎಂಬ ಇನ್ನೊಂದು ವಲಸೆ ಹಕ್ಕಿಯನ್ನು ಪರೀಕ್ಷಿಸಿತು. 75–85 ಮೆಗಾಹರ್ಟ್ಜ್ ಗದ್ದಲ ಅದರ ದಿಕ್ಕನ್ನು ತಪ್ಪಿಸಿತು. 140–150 ಮತ್ತು 235–245 ಮೆಗಾಹರ್ಟ್ಜ್ ಗದ್ದಲಗಳು ತಪ್ಪಿಸಲಿಲ್ಲ. ಅಂದರೆ ಪರಿಣಾಮಕ್ಕೆ ಮೇಲಿನ ಗಡಿಯೊಂದಿದೆ, ಮತ್ತು ರ‍್ಯಾಡಿಕಲ್ ಜೋಡಿಯ ಸಿದ್ಧಾಂತ ನಿರೀಕ್ಷಿಸುವುದೂ ಇದನ್ನೇ. ಮೊಬೈಲ್ ಜಾಲಗಳು ಬಳಸುವ 900 ಅಥವಾ 1800 ಮೆಗಾಹರ್ಟ್ಜ್ ಈ ಗಡಿಗಿಂತ ಬಹಳ ಮೇಲಿವೆ.

ಈಗ ಗುಬ್ಬಚ್ಚಿಯ ಪ್ರಶ್ನೆಗೆ ಬನ್ನಿ. ನಮ್ಮ ಊರುಗಳ ಗುಬ್ಬಚ್ಚಿ ದೂರದ ವಲಸೆ ಹೋಗುವುದಿಲ್ಲ. ಭಾರತದ ಹಕ್ಕಿಗಳ ಸ್ಥಿತಿಗತಿ ಕುರಿತ 2020ರ ವರದಿಯ ಪ್ರಕಾರ, ದೇಶದಲ್ಲಿ ಒಟ್ಟಾರೆ ಅವುಗಳ ಸಂಖ್ಯೆ ಹೆಚ್ಚುಕಡಿಮೆ ಸ್ಥಿರವಾಗಿತ್ತು. ಬೆಂಗಳೂರೂ ಸೇರಿದಂತೆ ದೊಡ್ಡ ನಗರಗಳಲ್ಲಿ ಮಾತ್ರ ಇಳಿಮುಖವಾಗಿತ್ತು. ನಗರದಲ್ಲಿ ಗೂಡಿಗೆ ಸಂದು ಸಿಗದಿರುವುದು, ಮರಿಗಳಿಗೆ ಉಣಿಸುವ ಹುಳುಗಳು ಕಡಿಮೆಯಾಗಿರುವುದು, ಇಂಥ ಕಾರಣಗಳನ್ನೂ ಪರಿಶೀಲಿಸಬೇಕು. ರಾಬಿನ್‌ನ ಪ್ರಯೋಗವನ್ನು ತಂದು ಗುಬ್ಬಚ್ಚಿಗೆ ಅಂಟಿಸಲಾಗದು.

ಹಾಗೆಂದು ರಾಬಿನ್‌ನ ಕಷ್ಟವನ್ನು ಕಡೆಗಣಿಸುವಂತಿಲ್ಲ. ಅದಕ್ಕೆ ಸೂರ್ಯ, ನಕ್ಷತ್ರಗಳಿಂದಲೂ ದಿಕ್ಕು ತಿಳಿಯುತ್ತದೆ, ನಿಜ. ಆದರೆ ಮೋಡ ಕವಿದ ರಾತ್ರಿಯಲ್ಲಿ ಕಾಂತದಿಕ್ಸೂಚಿಯೇ ಆಸರೆ. ನಮ್ಮ ಸುರಕ್ಷತಾ ಮಿತಿಗಳು ಮನುಷ್ಯದೇಹ ಬಿಸಿಯಾಗುವುದನ್ನು, ನರಗಳು ಪ್ರಚೋದನೆಗೊಳ್ಳುವುದನ್ನು ಆಧರಿಸಿ ರೂಪುಗೊಂಡವು. ನಮಗಿಲ್ಲದ ಇಂದ್ರಿಯವೊಂದು ಹಕ್ಕಿಗೆ ಇರುವಾಗ ಆ ಮಿತಿ ಅದಕ್ಕೂ ಸಾಕು ಎಂದು ಮೊದಲೇ ಭಾವಿಸುವಂತಿಲ್ಲ.

ಮಾಡಿ ನೋಡಿ

ಈ ಗದ್ದಲವನ್ನು ನೀವೇ ಕೇಳಬಹುದು. ಬ್ಯಾಟರಿಯಿಂದ ನಡೆಯುವ ಹಳೆಯ ಟ್ರಾನ್ಸಿಸ್ಟರ್ ರೇಡಿಯೋವನ್ನು ಮಧ್ಯಮ ತರಂಗಕ್ಕೆ ತಿರುಗಿಸಿ, ಯಾವ ನಿಲಯವೂ ಇಲ್ಲದ ಕಡೆ ನಿಲ್ಲಿಸಿ. ಅದನ್ನು ಉರಿಯುತ್ತಿರುವ ಎಲ್‌ಇಡಿ ದೀಪ, ಮೊಬೈಲ್ ಚಾರ್ಜರ್, ಕಂಪ್ಯೂಟರ್‌ಗಳ ಬಳಿ ಒಂದೊಂದಾಗಿ ಹಿಡಿಯಿರಿ. ಎಲ್ಲಿ ಗರಗರ ಸದ್ದು ಹೆಚ್ಚಾಗುತ್ತದೆ? ಎಷ್ಟು ದೂರ ಸರಿದರೆ ಕಡಿಮೆಯಾಗುತ್ತದೆ? ಬಳಿಕ ರೇಡಿಯೋವನ್ನು ಅಡುಗೆಮನೆಯ ಅಲ್ಯುಮಿನಿಯಂ ಹಾಳೆಯಲ್ಲಿ ಪೂರ್ತಿ ಸುತ್ತಿ ಕೇಳಿ. ಪಟ್ಟಿ ಮಾಡಿಕೊಂಡು, ಅದೇ ಪರೀಕ್ಷೆಯನ್ನು ಶಾಲೆಯ ಆಟದ ಮೈದಾನದ ನಡುವೆಯೂ ಮಾಡಿ ಹೋಲಿಸಿ. ಓಲ್ಡನ್‌ಬರ್ಗ್‌ನ ಹಕ್ಕಿಗಳಿಗೆ ನಗರ ಮತ್ತು ಹಳ್ಳಿಯ ನಡುವೆ ಕಂಡ ವ್ಯತ್ಯಾಸ ಎಂಥದ್ದೆಂಬುದು ಆಗ ನಿಮ್ಮ ಕಿವಿಗೇ ತಿಳಿಯುತ್ತದೆ.