ಅಂಗಳದಡಿಯ ಪೈಪಿಗೆ ದುಡ್ಡು ಕೊಡುವವರು ಯಾರು?

ಅಮೆರಿಕದಲ್ಲಿ ಸಾಲ ಮಾಡಿ ಮನೆ ಕೊಂಡ ಯಾವ ಕನ್ನಡಿಗರನ್ನು ಕೇಳಿದರೂ ಹೋಮ್‌ಓನರ್ಸ್ ಇನ್ಶೂರೆನ್ಸ್ ಇದೆ ಎನ್ನುತ್ತಾರೆ. ಅದಿಲ್ಲದೆ ಬ್ಯಾಂಕಿನವರು ಸಾಲ ಕೊಡುವುದಿಲ್ಲ. ಪ್ರೀಮಿಯಂ ಕೂಡ ಬಹಳ ಮನೆಗಳಲ್ಲಿ ಸಾಲದ ಕಂತಿನ ಜೊತೆಗೇ ಎಸ್ಕ್ರೋ ಖಾತೆಗೆ ಹೋಗಿ, ಅಲ್ಲಿಂದ ಕಂಪನಿಗೆ ಸಲ್ಲುತ್ತದೆ. ಹಾಗಾಗಿ ಪಾಲಿಸಿಯ ಕಾಗದ ತೆಗೆದು ಓದುವ ಪ್ರಮೇಯ ಬರುವುದು ಬೇಸ್‌ಮೆಂಟಿನ ಡ್ರೇನ್‌ನಿಂದ ಕೊಳಚೆ ಉಕ್ಕಿ, ಪ್ಲಂಬರ್ ಬಂದು ನೋಡಿ, “ಸೀವರ್ ಲೈನ್ ಹೋಗಿದೆ, ಬದಲಾಯಿಸಬೇಕು” ಎಂದ ದಿನ. ಐದಾರು ಸಾವಿರ ಡಾಲರಿಗೆ ಮುಗಿದರೆ ಅದೃಷ್ಟ. ಪೈಪು ಆಳದಲ್ಲಿದ್ದು ರಸ್ತೆಯನ್ನೂ ಅಗೆಯಬೇಕಾಗಿ ಬಂದರೆ ಇಪ್ಪತ್ತು ಸಾವಿರ ದಾಟುವುದೂ ಉಂಟು.

ಇನ್ಶೂರೆನ್ಸ್ ಕೊಡುತ್ತದೆಯೇ ಎಂದು ಎಲ್ಲರೂ ಒಂದೇ ಉಸಿರಿನಲ್ಲಿ ಕೇಳುತ್ತಾರೆ. ಆದರೆ ಇಲ್ಲಿ ಬಿಲ್ಲು ಮೂರು. ಪೈಪನ್ನು ಸರಿಮಾಡಿದ್ದಕ್ಕೆ ಒಂದು, ಪೈಪಿನ ತನಕ ಹೋಗಲು ಒಡೆದ ನೆಲವನ್ನು ಮತ್ತೆ ಕಟ್ಟಿದ್ದಕ್ಕೆ ಒಂದು, ಮನೆಯೊಳಗೆ ನುಗ್ಗಿದ ಕೊಳಚೆ ಹಾಳುಮಾಡಿದ್ದಕ್ಕೆ ಇನ್ನೊಂದು. ಪಾಲಿಸಿ ಈ ಮೂರಕ್ಕೂ ಬೇರೆಬೇರೆ ಉತ್ತರ ಕೊಡುತ್ತದೆ. ತಪ್ಪು ತಿಳಿವಳಿಕೆಗಳೆಲ್ಲ ಹುಟ್ಟುವುದು ಮೂರನ್ನೂ ಒಂದೇ ಗಂಟು ಕಟ್ಟುವುದರಿಂದ.

“ಪೈಪು ಒಡೆದಿದೆ, ಇನ್ಶೂರೆನ್ಸಿನವರು ಕೊಡಲೇಬೇಕು”

ಕೊಡಬೇಕಾಗಿಲ್ಲ, ಸಾಮಾನ್ಯವಾಗಿ ಕೊಡುವುದೂ ಇಲ್ಲ. ಅಲ್ಲಿ ಸ್ವಂತ ಮನೆಗಳಿಗೆ ಹೆಚ್ಚು ಚಾಲ್ತಿಯಲ್ಲಿರುವುದು ಎಚ್‌ಓ-3 ಎಂಬ ನಮೂನೆಯ ಪಾಲಿಸಿ. ಮನೆಯ ಕಟ್ಟಡದ ಮಟ್ಟಿಗೆ ಅದು ಉದಾರವಾಗಿಯೇ ಶುರುವಾಗುತ್ತದೆ. ‘ಇಲ್ಲ’ ಎಂದು ಬರೆದದ್ದನ್ನು ಬಿಟ್ಟು ಮಿಕ್ಕ ಎಲ್ಲ ಹಾನಿಗೂ ಹೌದು ಎನ್ನುತ್ತದೆ. ಕಷ್ಟವೆಂದರೆ ಆ ‘ಇಲ್ಲ’ಗಳ ಪಟ್ಟಿಯನ್ನು ಸೀವರ್ ಪೈಪಿಗೆಂದೇ ಬರೆದರೇನೋ ಅನ್ನಿಸುತ್ತದೆ: ಸವೆತ, ಜೀರ್ಣವಾಗುವುದು, ತುಕ್ಕು, ಒಳಗೇ ಇದ್ದ ದೋಷ, ನೆಲದ ಕುಸಿತ, ನೆಲದಡಿಯ ನೀರಿನ ಒತ್ತಡ. ಸೀವರ್ ಪೈಪುಗಳು ಕೆಡುವುದು ಬಹುಪಾಲು ಇವುಗಳಿಂದಲೇ.

ಪ್ಲಂಬರ್ ಕ್ಯಾಮೆರಾ ಬಿಟ್ಟಾಗ ಪರದೆಯ ಮೇಲೆ ಕಾಣುವುದನ್ನೇ ನೋಡಿ. ಮೂಲೆಯಲ್ಲಿ ಅಡಿಗಳ ಲೆಕ್ಕ ಓಡುತ್ತಿರುತ್ತದೆ. ಹಳೆಯ ಮನೆಯಾದರೆ ಸುಟ್ಟ ಜೇಡಿಮಣ್ಣಿನ ಪೈಪು, ಎರಡು ಮೂರು ಅಡಿಗೊಂದು ಜೋಡಣೆ. ಒಂದು ಜೋಡಣೆಯಲ್ಲಿ ಸಣ್ಣ ಬಿರುಕು, ಮುಂದಿನದರಲ್ಲಿ ಎಳೆಎಳೆಯಾಗಿ ಇಳಿಬಿದ್ದ ಬೇರು, ಅದರಾಚೆ ಕ್ಯಾಮೆರಾವೇ ಮುಂದೆ ಹೋಗದಷ್ಟು ಬೇರು. ಬೀದಿಯಂಚಿನ ಸಿಲ್ವರ್ ಮೇಪಲ್ಲೋ ವಿಲೋವೋ ನೀರಿನ ಜಾಡು ಹಿಡಿದು ವರ್ಷಗಟ್ಟಲೆ ಒಳಗೆ ಬಂದಿರುತ್ತದೆ. ಎರಡನೇ ಮಹಾಯುದ್ಧದ ನಂತರ 1970ರ ದಶಕದ ಆರಂಭದವರೆಗೆ ಕಟ್ಟಿದ ಮನೆಯಾದರೆ ಆರೆಂಜ್‌ಬರ್ಗ್ ಪೈಪು ಸಿಗಬಹುದು. ನ್ಯೂಯಾರ್ಕ್ ರಾಜ್ಯದ ಆರೆಂಜ್‌ಬರ್ಗ್ ಎಂಬ ಊರಿನಲ್ಲಿ ತಯಾರಾಗುತ್ತಿದ್ದ ಇದು ಮರದ ನಾರಿಗೆ ಟಾರು ಹೀರಿಸಿ ಮಾಡಿದ್ದು. ಕಾಲ ಕಳೆದಂತೆ ನೆನೆದ ರಟ್ಟಿನ ಹಾಗೆ ಮೆತ್ತಗಾಗಿ, ಮೇಲಿನ ಮಣ್ಣಿನ ಭಾರಕ್ಕೆ ಚಪ್ಪಟೆಯಾಗುತ್ತದೆ. ಅಂಥ ಪೈಪು ಕುಸಿದದ್ದು ನಿಮಗೆ ದಿಢೀರನೆ ಗೊತ್ತಾಗಿರಬಹುದು. ಕ್ಲೈಮ್ ನೋಡುವ ಅಡ್ಜಸ್ಟರ್‌ಗೆ ಅದು ಐವತ್ತು ವರ್ಷದ ಸವೆತ. ಆ ವಿಡಿಯೋವನ್ನು ನಿಮ್ಮ ಕಡೆಯ ಸಾಕ್ಷಿ ಎಂದು ಕಳಿಸಿದರೆ, ಅವರು ‘ಇಲ್ಲ’ ಎನ್ನುವುದಕ್ಕೂ ಅದೇ ಸಾಕ್ಷಿಯಾಗುತ್ತದೆ.

ಹಾಗಾದರೆ ಪಾಲಿಸಿ ಪೈಪಿಗೆ ಎಂದೂ ಕೊಡುವುದಿಲ್ಲವೇ? ಸ್ಫೋಟವೋ, ಭಾರಿ ವಾಹನ ಅಂಗಳಕ್ಕೆ ನುಗ್ಗಿದ್ದೋ, ಹೀಗೆ ಹೊರಗಿನಿಂದ ಹಠಾತ್ತನೆ ಬಂದ ಪೆಟ್ಟಾದರೆ ಕೇಳಲು ದಾರಿ ಇದೆ. ಪಕ್ಕದಲ್ಲಿ ಅಗೆಯುತ್ತಿದ್ದ ಕಾಂಟ್ರಾಕ್ಟರ್ ನಿಮ್ಮ ಪೈಪನ್ನು ಕತ್ತರಿಸಿದ್ದರೆ ಮೊದಲು ಕೇಳಬೇಕಾದದ್ದು ಅವನ ಲಯಬಿಲಿಟಿ ಇನ್ಶೂರೆನ್ಸನ್ನು.

“ಕಾಂಪೌಂಡಿನಿಂದಾಚೆ ಊರಿನವರದು”

ಬೆಂಗಳೂರಿನಲ್ಲಿ ಮ್ಯಾನ್‌ಹೋಲ್ ಕಟ್ಟಿಕೊಂಡರೆ 1916ಕ್ಕೆ ಫೋನ್ ಮಾಡಿ ಜಲಮಂಡಳಿಯ ಜೆಟ್ಟಿಂಗ್ ಗಾಡಿಗೆ ಕಾದು ಅಭ್ಯಾಸವಾದವರಿಗೆ ಈ ನಂಬಿಕೆ ಸಹಜ. ರಸ್ತೆ ಸರ್ಕಾರದ್ದು, ಆದ್ದರಿಂದ ರಸ್ತೆಯಡಿ ಇರುವುದೂ ಸರ್ಕಾರದ್ದು. ಅಮೆರಿಕದ ಬಹಳ ಊರುಗಳಲ್ಲಿ ಹಾಗಿಲ್ಲ. ಮನೆಯಿಂದ ರಸ್ತೆ ನಡುವಿನ ದೊಡ್ಡ ಸೀವರ್‌ಗೆ ಸೇರುವ ಪೈಪಿಗೆ ಲ್ಯಾಟರಲ್ ಎನ್ನುತ್ತಾರೆ. ನ್ಯೂಯಾರ್ಕ್ ನಗರದಲ್ಲಿ ಅದು ಸೇರುವ ಜಾಗದವರೆಗೂ ಮನೆಯವರದೇ, ನಡುವೆ ಫುಟ್‌ಪಾತು ರಸ್ತೆ ಏನಿದ್ದರೂ ಸರಿ. ಕೆಲವು ಊರುಗಳು ಅಂಗಳದ ಗಡಿಯವರೆಗಿನದನ್ನು ಮಾತ್ರ ಮನೆಯವರಿಗೆ ಬಿಟ್ಟು ಉಳಿದದ್ದನ್ನು ತಾವು ನೋಡಿಕೊಳ್ಳುತ್ತವೆ. ಇದಕ್ಕೆ ದೇಶಕ್ಕೆಲ್ಲ ಒಂದು ನಿಯಮವಿಲ್ಲ. ನಿಮ್ಮ ಊರಿನ ಸೀವರ್ ಇಲಾಖೆಯನ್ನೇ ಕೇಳಬೇಕು.

ಕ್ಯಾಲಿಫೋರ್ನಿಯಾದ ಈಸ್ಟ್ ಬೇಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಓಕ್ಲಂಡ್, ಎಮೆರಿವಿಲ್, ಪೀಡ್‌ಮಂಟ್‌ನಂಥ ಊರುಗಳಲ್ಲಿ ಮನೆ ಮಾರಬೇಕಾದರೆ ಲ್ಯಾಟರಲ್ ಸೋರುವುದಿಲ್ಲ ಎಂದು ಪರೀಕ್ಷೆ ಮಾಡಿಸಿ ಈಸ್ಟ್ ಬೇ ಮುನಿಸಿಪಲ್ ಯುಟಿಲಿಟಿ ಡಿಸ್ಟ್ರಿಕ್ಟ್‌ನಿಂದ ಸರ್ಟಿಫಿಕೇಟ್ ತರಬೇಕು. ಒಂದು ಲಕ್ಷ ಡಾಲರ್ ಮೀರಿದ ರಿಪೇರಿ ಮಾಡಿಸಿದರೂ ಇದೇ ನಿಯಮ. 2011ರಲ್ಲಿ ಶುರುವಾದ ಈ ಕಾರ್ಯಕ್ರಮದಲ್ಲಿ ಪೂರ್ತಿ ಹೊಸ ಪೈಪು ಹಾಕಿಸಿದರೆ ಸರ್ಟಿಫಿಕೇಟ್ 20 ವರ್ಷ ನಡೆಯುತ್ತದೆ. ಪರೀಕ್ಷೆಯಲ್ಲಿ ಫೇಲಾದ ಪೈಪಿನ ಖರ್ಚು ಕೊಳ್ಳುವವರು ಮಾರುವವರು ಚೌಕಾಸಿ ಮಾಡಿ ಹಂಚಿಕೊಳ್ಳುತ್ತಾರೆ. ಇನ್ಶೂರೆನ್ಸ್ ಅಲ್ಲಿಗೆ ಬರುವುದೇ ಇಲ್ಲ. ಕನ್ನಡಿಗರು ಹೆಚ್ಚಿರುವ ಫ್ರೀಮಾಂಟ್ ಈ ವ್ಯವಸ್ಥೆಯ ಹೊರಗಿದೆ. ಅಲ್ಲಿಂದ ಓಕ್ಲಂಡಿಗೆ ಮನೆ ಬದಲಿಸುವವರು ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

“ಪೈಪು ಹೋದರೆ ಹೋಗಲಿ, ಒಳಗೆ ಬಂದ ಕೊಳಚೆಗಾದರೂ ಕೊಡುತ್ತಾರೆ”

ನನಗೆ ಕಂಡಂತೆ ಅತಿ ದುಬಾರಿ ತಪ್ಪು ಕಲ್ಪನೆ ಇದು. ಪೈಪಿನ ಬಿಲ್ಲಿಗಿಂತ ಕೊಳಚೆಯ ಬಿಲ್ಲು ಎಷ್ಟೋ ಸಲ ದೊಡ್ಡದು. ಕಾರ್ಪೆಟ್, ಡ್ರೈವಾಲ್‌ನ ಕೆಳಭಾಗ, ಫರ್ನೇಸು, ವಾಟರ್ ಹೀಟರು, ಬೇಸ್‌ಮೆಂಟಿನಲ್ಲಿ ಪೇರಿಸಿಟ್ಟ ಸೀರೆ ಪುಸ್ತಕಗಳ ಡಬ್ಬಗಳು, ಕೊಳಚೆ ತಾಕಿದ್ದನ್ನೆಲ್ಲ ಎಸೆಯಲೇಬೇಕು. ಆದರೆ ಸೀವರ್ ಅಥವಾ ಡ್ರೇನ್‌ನಿಂದ ಹಿಮ್ಮುಖವಾಗಿ ಉಕ್ಕಿದ ನೀರಿನ ಹಾನಿಯನ್ನು ಸಾಮಾನ್ಯ ಪಾಲಿಸಿ ಹೆಸರಿಟ್ಟೇ ಹೊರಗಿಡುತ್ತದೆ. ಬೇಕೆಂದರೆ ವಾಟರ್ ಬ್ಯಾಕಪ್ ಎಂಬ ಎಂಡಾರ್ಸ್‌ಮೆಂಟನ್ನು, ಅಂದರೆ ಮೂಲ ಪಾಲಿಸಿಗೆ ಜೋಡಿಸುವ ಹೆಚ್ಚುವರಿ ಕರಾರನ್ನು, ಮೇಲೆ ದುಡ್ಡು ಕೊಟ್ಟು ಸೇರಿಸಿಕೊಳ್ಳಬೇಕು. ಇಲ್ಲೂ ಒಂದು ಗುಟ್ಟಿದೆ. ‘ಬ್ಯಾಕಪ್ ಇದೆ’ ಎಂದು ನಿಶ್ಚಿಂತರಾಗಿರುವವರ ಪಾಲಿಸಿಯಲ್ಲಿ ಮಿತಿ 5,000 ಡಾಲರ್ ಎಂದು ಇರುವುದುಂಟು. ಮನೆಯಂತೆ ಸಜ್ಜು ಮಾಡಿದ ಬೇಸ್‌ಮೆಂಟಿಗೆ ಅದು ಎಲ್ಲಿಗೂ ಸಾಲದು. ಮಿತಿ ಎಷ್ಟು ಎಂಬುದನ್ನು ಡಿಕ್ಲರೇಷನ್ ಪುಟದಲ್ಲಿ ಹುಡುಕಿ ನೋಡಿ. ಈ ಎಂಡಾರ್ಸ್‌ಮೆಂಟು ಒಳಗಾದ ಹಾನಿಗೆ ಕೊಡುತ್ತದೆ, ಕೆಟ್ಟ ಪೈಪಿಗಲ್ಲ.

ಎಂಡಾರ್ಸ್‌ಮೆಂಟ್ ಇಲ್ಲ ಎಂದ ಮಾತ್ರಕ್ಕೆ ಕೈಚೆಲ್ಲಬೇಕಾಗಿಯೂ ಇಲ್ಲ. ಅಡ್ಡಿ ಎಲ್ಲಿತ್ತು ಎಂಬುದು ಮುಖ್ಯ. ಹೊರಗಿನ ಸೀವರ್ ತುಂಬಿ ನೀರು ಒಳಗೆ ಬಂದದ್ದು ಬೇರೆ. ನಿಮ್ಮದೇ ಮನೆಯ ಪ್ಲಂಬಿಂಗ್ ಒಡೆದು, ನಿಮ್ಮದೇ ನೀರು ಹೊರಗೆ ಹೋಗಲಾಗದೆ ಚೆಲ್ಲಿದ್ದು ಬೇರೆ. ಫ್ಲೋರಿಡಾದ ಒಂದು ಮೇಲ್ಮನವಿ ನ್ಯಾಯಾಲಯ 2013ರಲ್ಲಿ ಇದೇ ವ್ಯತ್ಯಾಸದ ಮೇಲೆ ಮನೆಯವರ ಪರವಾಗಿ ತೀರ್ಪು ಕೊಟ್ಟಿತು. ಎಲ್ಲ ರಾಜ್ಯಗಳಲ್ಲೂ ಹೀಗೇ ಆಗುತ್ತದೆ ಎನ್ನುವಂತಿಲ್ಲ. ಪ್ಲಂಬರ್ ಬಿಲ್ಲಿನಲ್ಲಿ ‘ಸೀವರ್ ಬ್ಯಾಕಪ್’ ಎಂದು ಎರಡೇ ಮಾತು ಗೀಚಿ ಕೊಡುವ ಮೊದಲು, ಅಡ್ಡಿ ಎಷ್ಟನೇ ಅಡಿಯಲ್ಲಿ, ಯಾವ ಪೈಪಿನಲ್ಲಿ ಸಿಕ್ಕಿತು ಎಂದು ಬರೆಸಿಕೊಳ್ಳಿ. ಆ ಒಂದು ಸಾಲಿನ ಬೆಲೆ ಸಾವಿರಗಟ್ಟಲೆ ಡಾಲರ್ ಆಗಬಹುದು.

ಫ್ಲಡ್ ಇನ್ಶೂರೆನ್ಸ್ ಇದೆಯಲ್ಲ ಎನ್ನುವವರಿಗೆ: ಸರ್ಕಾರದ ಫ್ಲಡ್ ಪಾಲಿಸಿ ಸೀವರ್ ಉಕ್ಕಿದ್ದಕ್ಕೆ ಕೊಡುವುದು ಆ ಜಾಗದಲ್ಲಿ ಪ್ರವಾಹ ಬಂದು, ಅದೇ ನೇರ ಕಾರಣವಾಗಿದ್ದರೆ ಮಾತ್ರ. ಅವರ ಲೆಕ್ಕದಲ್ಲಿ ಪ್ರವಾಹವೆಂದರೆ ಎರಡು ಎಕರೆಗೆ ಕಡಿಮೆಯಿಲ್ಲದ ಒಣನೆಲವೋ, ನಿಮ್ಮದೂ ಸೇರಿ ಎರಡು ಆಸ್ತಿಗಳೋ ಮುಳುಗಬೇಕು. ನಿಮ್ಮೊಬ್ಬರ ಡ್ರೇನ್ ಉಕ್ಕಿದರೆ ಅದು ಪ್ರವಾಹವಲ್ಲ. ಮಳೆಗೂ ಸೀವರ್‌ಗೂ ನಂಟು ಎಷ್ಟು ಹತ್ತಿರದ್ದು ಎಂಬುದನ್ನು ನ್ಯೂಯಾರ್ಕ್ 2021ರ ಸೆಪ್ಟೆಂಬರ್ 1ರಂದು ಕಂಡಿತು. ಐಡಾ ಚಂಡಮಾರುತದ ಉಳಿಕೆ ಸೆಂಟ್ರಲ್ ಪಾರ್ಕಿನಲ್ಲಿ ಒಂದೇ ಗಂಟೆಯಲ್ಲಿ 3.15 ಇಂಚು ಸುರಿಸಿತು. ನಗರದ ಸೀವರ್‌ಗಳನ್ನು ಕಟ್ಟಿರುವುದು ಗಂಟೆಗೆ ಹೆಚ್ಚುಕಡಿಮೆ 1.75 ಇಂಚಿನ ಲೆಕ್ಕದಲ್ಲಿ. ಮಿಕ್ಕ ನೀರು ಬೇಸ್‌ಮೆಂಟುಗಳಿಗೆ ದಾರಿ ಹುಡುಕಿಕೊಂಡಿತು.

“ತಪ್ಪು ಊರಿನದಾದರೆ ಊರೇ ಕಟ್ಟಿಕೊಡುತ್ತದೆ”

ಕ್ಯಾಲಿಫೋರ್ನಿಯಾದ ಓರೊವಿಲ್ ನಗರದ ಮೊಕದ್ದಮೆ ಈ ನಂಬಿಕೆಗೆ ತಣ್ಣೀರೆರಚಿದೆ. 2009ರ ಡಿಸೆಂಬರ್‌ನಲ್ಲಿ ರಸ್ತೆಯಡಿಯ ನಗರದ ಸೀವರ್‌ನಲ್ಲಿ ಬೇರು ಕಟ್ಟಿಕೊಂಡು, ಕೊಳಚೆ ಒಂದು ದಂತ ಚಿಕಿತ್ಸಾಲಯದ ಕಟ್ಟಡಕ್ಕೆ ನುಗ್ಗಿತು. ಅಡ್ಡಿ ನಗರದ ಪೈಪಿನಲ್ಲೇ ಇತ್ತು. ಕೆಳಗಿನ ನ್ಯಾಯಾಲಯಗಳಲ್ಲಿ ಕಟ್ಟಡದವರೇ ಗೆದ್ದರು. 2019ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಅದನ್ನು ತಿರುಗಿಸಿತು. ಕಾನೂನಿನ ಪ್ರಕಾರ ಕಟ್ಟಡದವರು ಹಾಕಿಸಬೇಕಿದ್ದ ಬ್ಯಾಕ್‌ವಾಟರ್ ವಾಲ್ವ್ ಅಲ್ಲಿರಲಿಲ್ಲ. ಕೊಳಚೆ ಹಿಂದಕ್ಕೆ ಬಾರದಂತೆ ತಡೆಯುವ, ಒಂದೇ ಕಡೆಗೆ ತೆರೆಯುವ ಬಾಗಿಲಿನಂಥ ಭಾಗ ಅದು. ಅದಿದ್ದಿದ್ದರೆ ಹಾನಿಯಾಗುತ್ತಿರಲಿಲ್ಲ ಎಂಬ ಕಾರಣಕ್ಕೆ ನಗರದ ಮೇಲೆ ಹೊಣೆ ನಿಲ್ಲಲಿಲ್ಲ. ನಿಮ್ಮ ಮನೆಗೆ ಆ ವಾಲ್ವ್ ಇದೆಯೇ, ಇದ್ದರೆ ಎಲ್ಲಿದೆ ಎಂದು ಹೇಳಬಲ್ಲಿರಾ?

ಊರಿನ ತಪ್ಪೇ ಎಂದು ಖಾತ್ರಿಯಿದ್ದರೂ ಗಡುವು ಸಣ್ಣದು. ನ್ಯೂಯಾರ್ಕ್ ನಗರದ ಮೇಲೆ ನೋಟಿಸ್ ಆಫ್ ಕ್ಲೈಮ್ ಸಲ್ಲಿಸಲು 90 ದಿನ. ಕ್ಯಾಲಿಫೋರ್ನಿಯಾದಲ್ಲಿ ಸಾಮಾನು ಸರಂಜಾಮಿನ ನಷ್ಟಕ್ಕೆ ಆರು ತಿಂಗಳು.

“ನೆಲ ಅಗೆದ ಖರ್ಚು ಹೇಗೂ ನಮ್ಮ ತಲೆಗೇ”

ಇದು ಉಲ್ಟಾ ತಪ್ಪು. ಸಿಗಬಹುದಾದ ದುಡ್ಡನ್ನು ಜನ ಕೇಳದೇ ಬಿಡುತ್ತಾರೆ. ಮನೆಯ ಪ್ಲಂಬಿಂಗಿನಿಂದ ಆಕಸ್ಮಿಕವಾಗಿ ನೀರು ಚೆಲ್ಲಿ, ಆ ಹಾನಿ ಪಾಲಿಸಿಯ ಒಳಗೆ ಬರುವಂಥದ್ದಾಗಿದ್ದರೆ, ಪೈಪನ್ನು ತಲುಪಲು ಒಡೆಯಬೇಕಾದ ಕಾಂಕ್ರೀಟ್ ನೆಲ, ಟೈಲ್ಸು, ಗೋಡೆ, ಇವನ್ನು ಒಡೆದು ಮತ್ತೆ ಕಟ್ಟುವ ಖರ್ಚನ್ನು ಎಚ್‌ಓ-3 ಭರಿಸುತ್ತದೆ. ಟೇರ್-ಔಟ್ ಎನ್ನುವುದು ಇದಕ್ಕೆ. ಪೈಪಿನ ತುಂಡು ಮತ್ತು ಅದನ್ನು ಜೋಡಿಸುವ ಕೆಲಸ ಮಾತ್ರ ನಿಮ್ಮದು. ಫ್ಲೋರಿಡಾದ ಹಳೆಯ ಮನೆಗಳಲ್ಲಿ ನೆಲದಡಿಯ ಬೀಡುಕಬ್ಬಿಣದ ಪೈಪುಗಳು ತುಕ್ಕು ಹಿಡಿದಾಗ ದೊಡ್ಡ ಮೊತ್ತ ಇರುವುದು ಇಲ್ಲೇ. ಪ್ಲಂಬರ್ ಎಲ್ಲವನ್ನೂ ಸೇರಿಸಿ ಒಂದೇ ಮೊತ್ತ ಬರೆದುಕೊಟ್ಟರೆ ಬೇರೆಬೇರೆ ಮಾಡಿ ಬರೆಸಿಕೊಳ್ಳಿ. ಬರಿಯ ಅಂಗಳ ಅಗೆದದ್ದಕ್ಕೆ ಈ ದಾರಿಯಲ್ಲಿ ದುಡ್ಡು ಹುಟ್ಟುವುದು ಕಷ್ಟ.

“ಸರ್ವಿಸ್ ಲೈನ್ ಕವರೇಜು, ಹೋಮ್ ವಾರಂಟಿ, ಊರಿನಿಂದ ಬರುವ ಆ ಕಾಗದ: ಎಲ್ಲ ಒಂದೇ”

ಮೂರೂ ಬೇರೆ. ಪೈಪಿಗೆಂದೇ ಇರುವುದು ಸರ್ವಿಸ್ ಲೈನ್ ಎಂಬ ಎಂಡಾರ್ಸ್‌ಮೆಂಟು. ಮೂಲ ಪಾಲಿಸಿ ಹೊರಗಿಟ್ಟ ಸವೆತ, ತುಕ್ಕು, ಬೇರುಗಳನ್ನು ಇದು ಒಳಗೆ ಕರೆದುಕೊಳ್ಳುತ್ತದೆ, ಅಗೆತದ ಖರ್ಚನ್ನೂ ಸೇರಿಸಿಕೊಳ್ಳುತ್ತದೆ. ಮಿತಿ ಸಾಮಾನ್ಯವಾಗಿ 10,000 ಡಾಲರ್, ಮೊದಲು ನಿಮ್ಮ ಕೈಯಿಂದ ಹಾಕಬೇಕಾದ ಡಿಡಕ್ಟಿಬಲ್ 500ರ ಆಸುಪಾಸು, ಪ್ರೀಮಿಯಂ ವರ್ಷಕ್ಕೆ ಹತ್ತಾರು ಡಾಲರ್ ಮಾತ್ರ. ಇಷ್ಟು ಅಗ್ಗಕ್ಕೆ ಇಷ್ಟು ಸಿಗುವುದು ಇನ್ಶೂರೆನ್ಸ್ ಲೋಕದಲ್ಲಿ ಅಪರೂಪ. ಹಳೆಯ ಮನೆಯವರು ಸೇರಿಸಿಕೊಳ್ಳಲೇಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ಪೈಪು ಒಡೆಯದೆ ಬರಿದೇ ಕಟ್ಟಿಕೊಂಡರೆ ಸಾಮಾನ್ಯವಾಗಿ ಇದು ಕೊಡುವುದಿಲ್ಲ.

ಹೋಮ್ ವಾರಂಟಿ ಇನ್ಶೂರೆನ್ಸೇ ಅಲ್ಲ, ರಿಪೇರಿಯ ಕರಾರು. ಮನೆಯ ತಳಪಾಯದ ಒಳಗಿನ ಅಡ್ಡಿಯನ್ನು ಬಿಡಿಸಿಕೊಡುತ್ತಾರೆ. ಅಂಗಳದ ಪೈಪು ಬಹುತೇಕ ಅವರ ಕರಾರಿನ ಹೊರಗೆ. ಇನ್ನು ಊರಿನ ಲಾಂಛನ ಹೊತ್ತು ಅಂಚೆಯಲ್ಲಿ ಬರುವ ಕಾಗದ. ನೋಡಿದರೆ ನೀರಿನ ಬಿಲ್ಲಿನಂತೆಯೇ ಇರುತ್ತದೆ, ಹಿರಿಯರು ಹೆದರಿ ಕಟ್ಟಿಯೂ ಬಿಡುತ್ತಾರೆ. ಅದನ್ನು ಕಳಿಸಿದ್ದು ಊರಿನೊಡನೆ ಒಪ್ಪಂದ ಮಾಡಿಕೊಂಡ ಖಾಸಗಿ ಕಂಪನಿ. ಸೇರುವುದು ಕಡ್ಡಾಯವಲ್ಲ. ಮೋಸವೆಂದು ತಳ್ಳಿಹಾಕಬೇಕಾಗಿಯೂ ಇಲ್ಲ: ನ್ಯೂಯಾರ್ಕ್ ನಗರದ ನೀರಿನ ಇಲಾಖೆ 2013ರಿಂದ ಇಂಥದ್ದೊಂದು ಯೋಜನೆಗೆ ತನ್ನ ಹೆಸರು ಕೊಟ್ಟಿದೆ. ಸರ್ವಿಸ್ ಲೈನ್ ಎಂಡಾರ್ಸ್‌ಮೆಂಟು ಆಗಲೇ ಇದ್ದವರು ಎರಡಕ್ಕೂ ದುಡ್ಡು ಕಟ್ಟುವುದು ದಂಡ.

ತಾಯ್ನಾಡಿನಲ್ಲಿರುವ ಓದುಗರಿಗಾಗಿ ಒಂದು ಮಾತು. ಭಾರತದಲ್ಲಿ 2021ರ ಏಪ್ರಿಲ್ 1ರಿಂದ ಬಂದ ‘ಭಾರತ್ ಗೃಹ ರಕ್ಷಾ’ ಪಾಲಿಸಿಯಲ್ಲೂ ನೀರಿನ ಟ್ಯಾಂಕು, ಪೈಪು ಒಡೆದು ಉಕ್ಕಿ ಮನೆಗಾದ ಹಾನಿಗೆ ಜಾಗವಿದೆ. ಹೆಸರಿಸಿದ ಅವಘಡಗಳಿಗಷ್ಟೇ ಕೊಡುವ ಪಾಲಿಸಿ ಅದು. ಹಳೆಯ ಪೈಪು ಸವೆದು ಹೋಗುವುದು ಆ ಪಟ್ಟಿಯಲ್ಲಿಲ್ಲ.

“ಕೊಳ್ಳುವ ಮುಂಚೆ ಇನ್ಸ್‌ಪೆಕ್ಷನ್ ಮಾಡಿಸಿದ್ದೇವೆ”

ಸಾಮಾನ್ಯ ಹೋಮ್ ಇನ್ಸ್‌ಪೆಕ್ಷನ್‌ನಲ್ಲಿ ಸೀವರ್‌ಗೆ ಕ್ಯಾಮೆರಾ ಬಿಡುವುದಿಲ್ಲ. ನಲ್ಲಿ ಬಿಟ್ಟು, ಟಾಯ್ಲೆಟ್ ಫ್ಲಶ್ ಮಾಡಿ, ನೀರು ಹೋಗುತ್ತದೆ ಎಂದು ಬರೆಯುತ್ತಾರೆ. ಸೀವರ್ ಸ್ಕೋಪ್ ಎಂದು ಬೇರೆಯಾಗಿ ಕೇಳಿ, ಕೆಲವು ನೂರು ಡಾಲರ್ ಕೊಟ್ಟರೆ ಪೈಪು ಯಾವುದರದ್ದು, ಬೇರು ಎಲ್ಲಿದೆ ಎಂಬುದೆಲ್ಲ ವಿಡಿಯೋದಲ್ಲಿ ಬರುತ್ತದೆ. ಆರೆಂಜ್‌ಬರ್ಗ್ ಕಂಡರೆ ಬೆಲೆ ಇಳಿಸಲು ಮಾತಾಡುವ ಕಾಲ ಅದೇ. ರಿಜಿಸ್ಟ್ರೇಷನ್ ಮುಗಿದ ಮೇಲೆ ಆ ಪೈಪು ನಿಮ್ಮದು.