ಹುಲ್ಲಿನೊಳಗಿನ ನುಸಿ: ತುರಿಸದ ಗಾಯವನ್ನು ಮರೆಯಬೇಡಿ



ಈಶಾನ್ಯ ಮುಂಗಾರಿನ ಮಳೆ ಬಿದ್ದರೆ ಚೆನ್ನೈಯ ಖಾಲಿ ಸೈಟುಗಳಲ್ಲೆಲ್ಲ ಮೊಣಕಾಲುದ್ದ ಹುಲ್ಲು ಬೆಳೆಯುತ್ತದೆ. ಕಾರ್ತಿಕದ ವನಭೋಜನಕ್ಕೆ ತೋಪು ಹುಡುಕುವ ಕಾಲವೂ ಅದೇ. ಇಲ್ಲಿನ ಪತ್ರಿಕೆಗಳಲ್ಲಿ 'ಉಣ್ಣಿ ಕಾಯ್ಚಲ್' ಎಂಬ ಮಾತು ಕಾಣಿಸಿಕೊಳ್ಳುವುದೂ ಹೆಚ್ಚಾಗಿ ಆಗಲೇ. 2025ರ ಜನವರಿಯಲ್ಲಿ ಚೆನ್ನೈ, ಕಾಂಚೀಪುರಂ, ವೆಲ್ಲೂರು ಸೇರಿದಂತೆ ಹಲವು ಜಿಲ್ಲೆಗಳಿಗೆ ಈ ಜ್ವರದ ಬಗ್ಗೆ ತಮಿಳುನಾಡಿನ ಆರೋಗ್ಯ ಇಲಾಖೆ ಎಚ್ಚರಿಕೆ ನೀಡಿತ್ತು. ವೈದ್ಯರು ಇದನ್ನು ಸ್ಕ್ರಬ್ ಟೈಫಸ್ ಎನ್ನುತ್ತಾರೆ.

ಉಣ್ಣಿ ಎಂದ ಕೂಡಲೇ ನಮಗೆ ದನದ ಮೈಮೇಲಿನ ಉಣ್ಣೆ ನೆನಪಾಗುತ್ತದೆ. ಶಿವಮೊಗ್ಗ ಕಡೆಯವರಿಗಾದರೆ ಮಂಗನ ಕಾಯಿಲೆಯೂ ನೆನಪಾದೀತು. ಆದರೆ ಇದು ಬೇರೆ. ಮಂಗನ ಕಾಯಿಲೆ ಉಣ್ಣೆಯಿಂದ ಬರುವ ವೈರಸ್ ರೋಗ, ಅದಕ್ಕೆಂದೇ ಇರುವ ಔಷಧಿ ಇಲ್ಲ. ಉಣ್ಣಿ ಕಾಯ್ಚಲ್ ಬರುವುದು ನುಸಿಯಿಂದ. ತೆಂಗಿನ ತೋಟದವರಿಗೆ ನುಸಿಪೀಡೆ ಗೊತ್ತಲ್ಲವೇ? ಅದರ ದೂರದ ಸಂಬಂಧಿ ಇದು. ರೋಗಕ್ಕೆ ಕಾರಣ ಒಂದು ಬ್ಯಾಕ್ಟೀರಿಯಾ. ಬೇಗ ಗುರುತಿಸಿದರೆ ಕಡಿಮೆ ಬೆಲೆಯ ಮಾತ್ರೆಯಿಂದಲೇ ಗುಣವಾಗುತ್ತದೆ.

ಕಚ್ಚುವುದು ಯಾರು?

ದೊಡ್ಡ ನುಸಿ ಮಣ್ಣಿನಲ್ಲೇ ಇದ್ದು ಸಣ್ಣ ಕೀಟಗಳನ್ನೂ ಅವುಗಳ ಮೊಟ್ಟೆಗಳನ್ನೂ ತಿನ್ನುತ್ತದೆ, ನಮ್ಮ ತಂಟೆಗೆ ಬರುವುದಿಲ್ಲ. ಕಚ್ಚುವುದು ಅದರ ಮರಿ. ಆರು ಕಾಲು, ಕೆಂಪು ಅಥವಾ ಕಿತ್ತಳೆ ಬಣ್ಣ, ಗಾತ್ರ ಒಂದು ಮಿಲಿಮೀಟರಿನ ಐದನೇ ಒಂದು ಭಾಗ. ಬರಿಗಣ್ಣಿಗೆ ಕಾಣುವುದೇ ಕಷ್ಟ. ಇಲಿ, ಹೆಗ್ಗಣಗಳೇ ಅದಕ್ಕೆ ಸಾಮಾನ್ಯ ಆಸರೆ. ಹುಲ್ಲಿನ ತುದಿಯಲ್ಲಿ ಗುಂಪಾಗಿ ಕಾದಿದ್ದು, ಹಾದುಹೋಗುವವರ ಬಟ್ಟೆಗೆ ಅಂಟಿಕೊಳ್ಳುತ್ತದೆ. ಆಮೇಲೆ ಮೇಲೇರಿ, ಬಟ್ಟೆ ಬಿಗಿಯಾದ ಕಡೆ ಅಥವಾ ಚರ್ಮದ ಮಡಿಕೆಯಲ್ಲಿ ಕೂರುತ್ತದೆ. ಅದು ರಕ್ತ ಹೀರುವುದಿಲ್ಲ, ಚರ್ಮದೊಳಗೆ ಕೊರೆದುಕೊಂಡೂ ಹೋಗುವುದಿಲ್ಲ. ಚರ್ಮವನ್ನು ಕರಗಿಸಿ, ಆ ದ್ರವವನ್ನು ಕೆಲವು ದಿನ ಕುಡಿದು ಉದುರಿಹೋಗುತ್ತದೆ.

ತುರಿಕೆ ಬೇರೆ, ಅಪಾಯ ಬೇರೆ

ಯುರೋಪ್, ಅಮೆರಿಕಗಳಲ್ಲಿ ಇಂಥದೇ ನುಸಿ ಕಚ್ಚಿದರೆ ವಿಪರೀತ ತುರಿಕೆ. ಕಾಟ ಬಹುಮಟ್ಟಿಗೆ ಅಲ್ಲಿಗೇ ಮುಗಿಯುತ್ತದೆ. ನಮ್ಮಲ್ಲಿ ರೋಗ ಹರಡುವ ನುಸಿ ಕಚ್ಚಿದ್ದು ಅನೇಕರಿಗೆ ಗೊತ್ತೇ ಆಗುವುದಿಲ್ಲ. ಕಚ್ಚಿದ ಜಾಗದಲ್ಲಿ ಬೀಡಿಯ ಕಿಡಿ ತಾಗಿ ಸುಟ್ಟಂತೆ ಒಂದು ಕಪ್ಪು ಹಕ್ಕಳೆ ಏಳಬಹುದು. ಅದರಲ್ಲಿ ಸಾಮಾನ್ಯವಾಗಿ ನೋವಿಲ್ಲ, ತುರಿಕೆಯಿಲ್ಲ. ಕಂಕುಳು, ತೊಡೆಸಂದು, ಸೊಂಟ, ಸ್ತನದ ಕೆಳಗೆ, ಕಿವಿಯ ಹಿಂದೆ ಇರುವುದರಿಂದ ನಾವೂ ನೋಡಿಕೊಳ್ಳುವುದಿಲ್ಲ, ಸಂಕೋಚದಿಂದ ವೈದ್ಯರಿಗೂ ತೋರಿಸುವುದಿಲ್ಲ. ಯಡವಟ್ಟಾಗುವುದು ಇಲ್ಲೇ.

ಕಚ್ಚಿ ಒಂದರಿಂದ ಮೂರು ವಾರದೊಳಗೆ ಜ್ವರ, ಚಳಿ, ತಲೆನೋವು, ಮೈಕೈ ನೋವು ಶುರು. ಅಷ್ಟರಲ್ಲಿ ವನಭೋಜನ ಮರೆತೇಹೋಗಿರುತ್ತದೆ. ಮಳೆಗಾಲವಾದ್ದರಿಂದ ಎಲ್ಲರ ಅನುಮಾನ ಡೆಂಗಿಯ ಮೇಲೆ. ಪ್ಲೇಟ್‌ಲೆಟ್ ಇದರಲ್ಲೂ ಇಳಿಯಬಹುದು. ತಡವಾದರೆ ಶ್ವಾಸಕೋಶ, ಮೂತ್ರಪಿಂಡ, ಯಕೃತ್ತು, ಮಿದುಳಿಗೆ ಪೆಟ್ಟಾಗಿ ಪ್ರಾಣಕ್ಕೇ ಸಂಚಕಾರ.

ಜ್ವರ ಬಂದರೆ

ಐದು ದಿನವಾದರೂ ಜ್ವರ ಇಳಿಯದಿದ್ದರೆ, ಡೆಂಗಿ, ಮಲೇರಿಯಾ ಇಲ್ಲವೆಂದು ವರದಿ ಬಂದಿದ್ದರೆ, ವೈದ್ಯರಿಗೆ ಎರಡು ಮಾತು ತಪ್ಪದೇ ಹೇಳಿ: ಮೂರು ವಾರದೊಳಗೆ ಹುಲ್ಲು, ಪೊದೆ, ತೋಟದಲ್ಲಿ ಓಡಾಡಿದ್ದೀರಾ ಎಂಬುದು, ಮೈಮೇಲೆ ಕಪ್ಪು ಹಕ್ಕಳೆ ಇದೆಯೇ ಎಂಬುದು. ಉಸಿರಾಟಕ್ಕೆ ಕಷ್ಟವಾದರೆ, ಮಂಕು ಕವಿದರೆ ಐದು ದಿನ ಕಾಯದೆ ಆಸ್ಪತ್ರೆಗೆ ಹೋಗಿ. ಹಕ್ಕಳೆ ಎಲ್ಲರಿಗೂ ಬರುವುದಿಲ್ಲ. ಇಲ್ಲವೆಂದ ಮಾತ್ರಕ್ಕೆ ರೋಗವಿಲ್ಲ ಎನ್ನುವಂತಿಲ್ಲ. ರಕ್ತಪರೀಕ್ಷೆ ಇದೆ. ಡಾಕ್ಸಿಸೈಕ್ಲಿನ್ ಮುಖ್ಯ ಔಷಧಿ, ಗರ್ಭಿಣಿಯರಿಗೆ ಅಜಿತ್ರೋಮೈಸಿನ್. ರೋಗ ಉಲ್ಬಣಿಸಿದವರಿಗೆ ಎರಡನ್ನೂ ಒಟ್ಟಿಗೆ ರಕ್ತನಾಳದ ಮೂಲಕ ಕೊಡುವುದೇ ಮೇಲೆಂದು ವೆಲ್ಲೂರಿನ ಸಿ.ಎಂ.ಸಿ. ವೈದ್ಯರ ನೇತೃತ್ವದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಪೆನಿಸಿಲಿನ್ ಜಾತಿಯ ಔಷಧಿಗಳು ಇದಕ್ಕೆ ನಾಟುವುದಿಲ್ಲ. ಆದ್ದರಿಂದ ಅಂಗಡಿಯಿಂದ ಕಂಡ ಮಾತ್ರೆ ತಂದು ನುಂಗಬೇಡಿ.

ತಡೆಯುವುದು ಹೇಗೆ?

ಈ ರೋಗಕ್ಕೆ ಲಸಿಕೆ ಇಲ್ಲ. ಒಬ್ಬರಿಂದ ಒಬ್ಬರಿಗೆ ಹರಡುವುದೂ ಇಲ್ಲ. ಹಾಗಾಗಿ ನುಸಿ ಮೈಗೆ ಹತ್ತದಂತೆ ನೋಡಿಕೊಂಡರೆ ಆಯಿತು.

* ಹುಲ್ಲಿಗೆ ಇಳಿಯುವಾಗ ಉದ್ದ ತೋಳಿನ ಅಂಗಿ, ಪೂರ್ತಿ ಕಾಲು ಮುಚ್ಚುವ ಬಟ್ಟೆ, ಶೂ ಇರಲಿ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸಿಕ್ಕಿಸಿಕೊಳ್ಳಿ.
* ಬರಿ ನೆಲದ ಮೇಲೆ ಕೂರಬೇಡಿ, ಮಲಗಬೇಡಿ. ಚಾಪೆ, ಜಮಖಾನ ಹಾಸಿ. ಬಟ್ಟೆಯನ್ನು ಹುಲ್ಲಿನ ಮೇಲೆ, ಪೊದೆಯ ಮೇಲೆ ಒಣಹಾಕಬೇಡಿ.
* ಡೀಟ್ ಇರುವ ಕೀಟನಿವಾರಕವನ್ನು ಕಾಲಿಗೆ, ಕಾಲುಚೀಲಕ್ಕೆ ಹಚ್ಚಿ. ಮಕ್ಕಳಿಗೆ ಹಚ್ಚುವ ಮುಂಚೆ ಡಬ್ಬಿಯ ಮೇಲಿನ ಸೂಚನೆ ಓದಿ.
* ಮನೆಗೆ ಬಂದ ಕೂಡಲೇ ಸೋಪು ಹಚ್ಚಿ, ಮೈ ತಿಕ್ಕಿ ಸ್ನಾನ ಮಾಡಿ. ಬಟ್ಟೆ ಬಿಸಿನೀರಿಗೆ ಹಾಕಿ. ಕಂಕುಳು, ಸೊಂಟ ನೋಡಿಕೊಳ್ಳಿ, ಮಕ್ಕಳದ್ದೂ ನೋಡಿ.
* ಮನೆಯ ಸುತ್ತ ಹುಲ್ಲು ಕತ್ತರಿಸಿ, ಕಸ ತೆಗೆಯಿರಿ. ಕಸ ಇದ್ದಲ್ಲಿ ಹೆಗ್ಗಣ, ಹೆಗ್ಗಣ ಇದ್ದಲ್ಲಿ ನುಸಿ.

ಕಚ್ಚಿದ ಕಡೆ ತುರಿಕೆಯಿದ್ದರೆ ತಣ್ಣೀರು ಬಟ್ಟೆ ಇಡಿ, ಕ್ಯಾಲಮೈನ್ ಲೋಷನ್ ಹಚ್ಚಿ, ಕೆರೆದು ಹುಣ್ಣು ಮಾಡಿಕೊಳ್ಳಬೇಡಿ. ಸುಣ್ಣ, ಸೀಮೆಎಣ್ಣೆ, ಉಗುರುಬಣ್ಣ ಬೇಡವೇ ಬೇಡ. ಚರ್ಮದೊಳಗೆ ಹುಳವೇ ಇಲ್ಲದ ಮೇಲೆ ಅವು ಕೊಲ್ಲುವುದಾದರೂ ಏನನ್ನು?

ವನಭೋಜನವನ್ನು ಬಿಡಬೇಕಾಗಿಲ್ಲ. ಬುತ್ತಿಯ ಜೊತೆ ಜಮಖಾನ ಒಯ್ಯಿರಿ, ಹೋಗಿಬಂದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಮೂರು ವಾರದೊಳಗೆ ಜ್ವರ ಬಂದರೆ ವೈದ್ಯರಿಗೆ ಹೇಳಲು ಆ ತಾರೀಖು ಬೇಕಾಗುತ್ತದೆ.